ಕಮಿನಿತೊ ಬೀದಿಯ ಟ್ಯಾಂಗೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಉದ್ಯೋಗದ ನಿಮಿತ್ತ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿದ್ದಾಳೆ. ಬರುವ ನವೆಂಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಭರತನಾಟ್ಯ ಕಲಿತಿರುವ ಪತ್ನಿಗೆ ಕಮಿನಿತೊ ಎಂಬ ಬಣ್ಣದ ಬೀದಿಯಲ್ಲಿ ಟ್ಯಾಂಗೊ ನೋಡಬೇಕೆಂಬ ಆಸೆ. ಅದು ಪ್ರವಾಸಿಗರಿಗಾಗಿ ಕಟ್ಟಿದ ತೋರಿಕೆಯ ಬೀದಿ, ಅಲ್ಲಿ ಕಾಣುವುದು ನಿಜವಾದ ಟ್ಯಾಂಗೊ ಅಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹೋಗಬೇಕೆ, ಬೇಡವೆ?
— ಓದುಗರು, ಧಾರವಾಡ

ಉತ್ತರ: ಖಂಡಿತ ಹೋಗಿ. ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಮಿನಿತೊದ ನರ್ತಕರು ಪ್ರವಾಸಿಗರಿಗಾಗಿಯೇ ಕುಣಿಯುತ್ತಾರೆ ಎಂಬುದು ನಿಜ. ಆದರೆ ಅದರಿಂದ ಆ ನೃತ್ಯ ಸುಳ್ಳಾಗುವುದಿಲ್ಲ. ಟ್ಯಾಂಗೊದಲ್ಲಿ ನೋಡುವವರಿಗಾಗಿ ಮಾಡುವ ವೇದಿಕೆಯ ನೃತ್ಯ ಮತ್ತು ಜೊತೆಗಾರರು ತಮಗಾಗಿಯೇ ಆಡುವ ಸಭಾಂಗಣದ ನೃತ್ಯ ಎಂದು ಎರಡು ಬಗೆಗಳಿವೆ. ಆಗಸ್ಟ್ ತಿಂಗಳಲ್ಲಿ ಅದೇ ನಗರದಲ್ಲಿ ನಡೆಯುವ ವಿಶ್ವ ಟ್ಯಾಂಗೊ ಸ್ಪರ್ಧೆಯಲ್ಲೂ ಇವೆರಡಕ್ಕೂ ಪ್ರತ್ಯೇಕ ವಿಭಾಗಗಳಿವೆ. ಕಮಿನಿತೊದಲ್ಲಿ ನಿಮಗೆ ಕಾಣುವುದು ಮೊದಲನೆಯದರ ಚಿಕ್ಕ ರೂಪ. ಎರಡನೆಯದನ್ನು ನೋಡಲು ಬೇರೆ ಜಾಗಕ್ಕೆ, ಬೇರೆ ಹೊತ್ತಿನಲ್ಲಿ ಹೋಗಬೇಕು. ನಿಮ್ಮ ಪ್ರವಾಸದಲ್ಲಿ ಎರಡಕ್ಕೂ ಬಿಡುವು ಮಾಡಿಕೊಳ್ಳಿ ಎಂಬುದೇ ನನ್ನ ಸಲಹೆ.

ಬೀದಿ ಬಹಳ ಚಿಕ್ಕದು. ನಿಧಾನವಾಗಿ ನಡೆದರೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ನಡೆದು ಮುಗಿಸುವ ಆತುರ ಬಿಟ್ಟು, ಸುತ್ತಲಿನ ಹೋಟೆಲುಗಳ ಮುಂದೆ ಹಾಕಿರುವ ಸಣ್ಣ ಮರದ ಹಲಗೆಯ ವೇದಿಕೆಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಎದುರು ಕುಳಿತುಬಿಡಿ. ನೆಲವೆಲ್ಲ ಕಲ್ಲು ಹಾಸಿದ್ದು, ಅದರ ಮೇಲೆ ಪಾದ ಜಾರಿಸಿ ತಿರುಗುವುದು ಸಾಧ್ಯವಿಲ್ಲದ್ದರಿಂದ ಜೋಡಿಯು ಆ ಹಲಗೆಯ ಅಳತೆಯೊಳಗೇ ಎಲ್ಲವನ್ನೂ ಮಾಡಿ ತೋರಿಸಬೇಕಾಗುತ್ತದೆ. ಊಟದ ಮೇಜುಗಳ ನಡುವೆ, ಧ್ವನಿವರ್ಧಕದಿಂದ ಬರುವ ಹಳೆಯ ಧ್ವನಿಮುದ್ರಿತ ಸಂಗೀತಕ್ಕೆ, ಬಿಸಿಲಿನಲ್ಲಿ, ದಿನವಿಡೀ ಮತ್ತೆ ಮತ್ತೆ ಕುಣಿಯುವ ಈ ಕೆಲಸಕ್ಕೆ ಎಂಥ ದೇಹಶಿಸ್ತು ಬೇಕೆಂಬುದನ್ನು ನೃತ್ಯ ಕಲಿತ ನಿಮ್ಮ ಪತ್ನಿ ಬೇರೆಯವರಿಗಿಂತ ಬೇಗ ಗುರುತಿಸುತ್ತಾರೆ.

ಭರತನಾಟ್ಯದ ಅಭ್ಯಾಸವಿರುವ ಕಣ್ಣು ಸಹಜವಾಗಿ ಮೊದಲು ಕೈಗೂ ಮುಖಕ್ಕೂ ಹೋಗುತ್ತದೆ. ಟ್ಯಾಂಗೊದಲ್ಲಿ ಕೈಗಳೆರಡೂ ಅಪ್ಪುಗೆಯಲ್ಲಿ ತೊಡಗಿರುತ್ತವೆ, ಮುಖ ಹೆಚ್ಚೇನೂ ಹೇಳುವುದಿಲ್ಲ. ಮೊಣಕಾಲು ಬಗ್ಗಿಸಿ ನಿಲ್ಲುವ ಅರೆಮಂಡಿಯ ಬದಲು ಇಲ್ಲಿರುವುದು ನೆಟ್ಟಗೆ ನಿಂತ ದೇಹದ ನಡಿಗೆ. ಮುನ್ನಡೆಸುವವರು ಎದೆಯನ್ನು ತುಸು ತಿರುಗಿಸಿದರೆ ಸಾಕು, ಎದುರಿನವರ ಕಾಲು ಅದಕ್ಕೆ ಉತ್ತರ ಕೊಡುತ್ತದೆ. ಆದ್ದರಿಂದ ಕಾಲನ್ನು ಎತ್ತಿ ಬೀಸುವ, ಸಂಗಾತಿಯ ಕಾಲಿಗೆ ಕೊಕ್ಕೆ ಹಾಕುವ ಚಮತ್ಕಾರಗಳಿಗೆ ಚಪ್ಪಾಳೆ ಬೀಳುವಾಗ, ಅವುಗಳ ನಡುವಿನ ಸರಳ ನಡಿಗೆಯನ್ನು ಗಮನಿಸಲು ಅವರಿಗೆ ಹೇಳಿ. ಜೋಡಿಯ ಯೋಗ್ಯತೆ ತಿಳಿಯುವುದು ಅಲ್ಲಿ.

ಸಮಯದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಅಂಗಡಿ, ಹೋಟೆಲುಗಳು ತೆರೆದ ಮೇಲೆ ಹೋಗಿ ಹಗಲಿನಲ್ಲೇ ಹಿಂದಿರುಗಿ. ಜನಸಂದಣಿಯ ಕೆಲವು ಬೀದಿಗಳನ್ನು ಬಿಟ್ಟು, ಕಮಿನಿತೊ ಇರುವ ಲಾ ಬೋಕಾ ಬಡಾವಣೆಯ ಒಳಗೆ ಅಡ್ಡಾಡಬೇಡಿ. ಅಲ್ಲಿ ಕಳ್ಳತನದ ಭಯವಿದೆ. ಮೆಟ್ರೊ ಅಲ್ಲಿಯವರೆಗೆ ಹೋಗುವುದಿಲ್ಲ. 29, 64, 152ನೇ ಸಂಖ್ಯೆಯ ಬಸ್ಸುಗಳು ಹೋಗುತ್ತವೆಯಾದರೂ ಇಬ್ಬರು ಹಿರಿಯರಿಗೆ ಟ್ಯಾಕ್ಸಿಯೇ ಅನುಕೂಲ. ನವೆಂಬರ್ ಅಲ್ಲಿ ವಸಂತದ ಕೊನೆಯ ಭಾಗವಾದ್ದರಿಂದ ಹವೆ ಹಿತವಾಗಿರುತ್ತದೆ. ನಗರದ ಜಕರಂದಾ ಮರಗಳು ಹೂ ಬಿಡುವ ಕಾಲವೂ ಅದೇ.

ಪ್ರಶ್ನೆ: ಅಲ್ಲಿನ ಮನೆಗಳಿಗೆ ಹಡಗಿನ ಬಣ್ಣ ಬಳಿದಿದ್ದಾರೆಂದು ಕೇಳಿದ್ದೇನೆ. ನಿಜವೆ? ಟ್ಯಾಂಗೊಗೂ ಆ ಬೀದಿಗೂ ಹೇಗೆ ನಂಟು ಬಂತು?
— ಓದುಗರು, ಬೆಂಗಳೂರು

ಉತ್ತರ: ಲಾ ಬೋಕಾ ಇರುವುದು ರಿಯಾಚುಯೆಲೊ ನದಿಯು ವಿಶಾಲವಾದ ರಿಯೊ ದೆ ಲಾ ಪ್ಲಾತಾ ನದೀಮುಖವನ್ನು ಸೇರುವ ಕಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ದುಡಿಯುವ ಬಂದರಾಗಿತ್ತು. ಇಟಲಿಯ ಜಿನೋವಾದಿಂದ ವಲಸೆ ಬಂದ ಕುಟುಂಬಗಳು ಹೆಚ್ಚಾಗಿ ಅಲ್ಲೇ ನೆಲೆಸಿದವು. ಮರದ ಚೌಕಟ್ಟಿಗೆ ಅಲೆಅಲೆಯಾದ ತಗಡು ಹೊಡೆದು ಕಟ್ಟಿದ, ಒಂದೊಂದು ಕೋಣೆಯಲ್ಲಿ ಒಂದೊಂದು ಕುಟುಂಬ ಬದುಕುತ್ತಿದ್ದ ಆ ವಠಾರಗಳನ್ನು ಕೊನ್ವೆಂತಿಶೊ ಎನ್ನುತ್ತಾರೆ. ಹಡಗುಗಳಿಗೆ ಬಳಿದು ಉಳಿದ ಬಣ್ಣವನ್ನು ತಂದು ಗೋಡೆಗೆ ಹಚ್ಚುತ್ತಿದ್ದರು, ಒಂದು ಬಣ್ಣ ಸಾಲದೆ ಬಂದಾಗ ಮತ್ತೊಂದರಿಂದ ಮುಂದುವರಿಸುತ್ತಿದ್ದರು ಎಂಬುದು ಆ ಬಡಾವಣೆಯವರು ತಲೆಮಾರುಗಳಿಂದ ಹೇಳುತ್ತ ಬಂದಿರುವ ಮಾತು. ಮರ, ತಗಡುಗಳ ಮನೆಗಳಿಗೆ ಬೆಂಕಿಯ ಭಯ ಎಷ್ಟಿತ್ತೆಂದರೆ 1884ರಲ್ಲೇ ನಿವಾಸಿಗಳು ಸ್ವಯಂಸೇವಕರ ಅಗ್ನಿಶಾಮಕ ದಳವೊಂದನ್ನು ಕಟ್ಟಿಕೊಂಡರು.

ಆದರೆ ಇಂದು ಕಮಿನಿತೊದಲ್ಲಿ ಕಣ್ಣು ಕುಕ್ಕುವ ವರ್ಣವಿನ್ಯಾಸ ತಾನಾಗಿ ಉಳಿದು ಬಂದದ್ದಲ್ಲ. ಅದು ಬೆನಿತೊ ಕಿಂಕೆಲಾ ಮಾರ್ತಿನ್ ಎಂಬ ಚಿತ್ರಕಾರರ ಕೆಲಸ. 1890ರಲ್ಲಿ ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಶಿಶು ಅವರು. ಲಾ ಬೋಕಾದಲ್ಲಿ ಇದ್ದಿಲು ಮಾರುತ್ತಿದ್ದ ದಂಪತಿಗಳು ದತ್ತು ತೆಗೆದುಕೊಂಡರು. ಬಂದರಿನಲ್ಲಿ ಮೂಟೆ ಹೊತ್ತು ಬೆಳೆದ ಆ ಹುಡುಗ ಮುಂದೆ ಅದೇ ಬಂದರಿನ ಕೂಲಿಗಳನ್ನೂ ಹಡಗುಗಳನ್ನೂ ದಪ್ಪನೆಯ ಬಣ್ಣದಲ್ಲಿ ಚಿತ್ರಿಸಿ ಪ್ರಸಿದ್ಧನಾದ. ಸಂಪಾದಿಸಿದ ಹಣದಿಂದ ಜಾಗ ಕೊಂಡು ಶಾಲೆಗೂ ವಸ್ತುಸಂಗ್ರಹಾಲಯಕ್ಕೂ ದಾನ ಕೊಟ್ಟದ್ದು ತನ್ನ ಬಡಾವಣೆಗೇ. ರೈಲು ಹಳಿ ತೆಗೆದುಹಾಕಿದ ಮೇಲೆ ಪಾಳುಬಿದ್ದಿದ್ದ ತುಂಡು ದಾರಿಯೊಂದನ್ನು ಅವರೂ ನೆರೆಹೊರೆಯವರೂ ಸೇರಿ ಶುಚಿಗೊಳಿಸಿ, ಬಣ್ಣ ಹಚ್ಚಿ, 1959ರಲ್ಲಿ ಅದು ಬೀದಿಯ ವಸ್ತುಸಂಗ್ರಹಾಲಯವೆಂದು ಅಧಿಕೃತವಾಗಿ ತೆರೆಯುವಂತೆ ಮಾಡಿದರು. 1977ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಅವರೇ ಬಣ್ಣ ಬಳಿದಿಟ್ಟಿದ್ದ ಶವಪೆಟ್ಟಿಗೆಯಲ್ಲಿ. ಬೀದಿ ನೋಡಿದ ಮೇಲೆ ನದಿಯ ದಂಡೆಯಲ್ಲಿರುವ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋಗದೆ ಮರಳಬೇಡಿ. ಇಷ್ಟೆಲ್ಲ ಬಣ್ಣ ಯಾವ ದುಡಿಮೆಯ ನಡುವಿನಿಂದ ಹುಟ್ಟಿತೆಂಬುದು ಆ ಚಿತ್ರಗಳ ಮುಂದೆ ನಿಂತಾಗಲೇ ಮನಸ್ಸಿಗೆ ಇಳಿಯುತ್ತದೆ.

ಬೀದಿಗೆ ಹೆಸರು ಬಂದದ್ದು ಒಂದು ಟ್ಯಾಂಗೊ ಹಾಡಿನಿಂದ. ಲಾ ಬೋಕಾದಲ್ಲೇ ಹುಟ್ಟಿದ, ಕಿಂಕೆಲಾ ಅವರ ಗೆಳೆಯರೂ ಆಗಿದ್ದ ಹುವಾನ್ ದೆ ದಿಯೋಸ್ ಫಿಲಿಬೆರ್ತೊ 1926ರಲ್ಲಿ ಅದಕ್ಕೆ ಸಂಗೀತ ಕೊಟ್ಟರು. ಹಾಡು ಬರೆದ ಗಬಿನೊ ಕೊರಿಯಾ ಪೆನ್ಯಾಲೋಸಾ ಅವರ ಮನಸ್ಸಿನಲ್ಲಿದ್ದದ್ದು ಮಾತ್ರ ದೂರದ ಲಾ ರಿಯೋಹಾ ಪ್ರಾಂತದ ಹಳ್ಳಿಯ ಕಾಲುದಾರಿ. ಹಾಗೆಂದು ಬಡಾವಣೆಗೂ ಟ್ಯಾಂಗೊಗೂ ಇರುವ ನಂಟು ಕಟ್ಟಿಕೊಂಡದ್ದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಾ ಬೋಕಾದ ಸುವಾರೆಸ್ ಮತ್ತು ನೆಕೊಚೆಯಾ ಬೀದಿಗಳು ಕೂಡುವ ಮೂಲೆಯ ಕಾಫಿಗೃಹಗಳಲ್ಲಿ ಫ್ರಾನ್ಸಿಸ್ಕೊ ಕನಾರೊ ಅವರಂಥ ಸಂಗೀತಗಾರರು ನುಡಿಸುತ್ತಿದ್ದರು. ಆಫ್ರಿಕಾ ಮೂಲದವರ ತಾಳ, ಕ್ಯೂಬಾದ ಹಬನೇರಾ ಎಂಬ ನೃತ್ಯಸಂಗೀತ, ಜರ್ಮನಿಯಿಂದ ಬಂದ ಬಂದೋನಿಯನ್ ವಾದ್ಯ, ಇಟಲಿಯವರ ರಾಗ ಇವೆಲ್ಲ ಕಲೆತದ್ದು ಇಂಥ ಬಂದರು ಬಡಾವಣೆಗಳಲ್ಲಿಯೇ. ರಿಯೊ ದೆ ಲಾ ಪ್ಲಾತಾದ ಆಚೆ ದಡದಲ್ಲಿರುವ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊ ನಗರಕ್ಕೂ ಇದರಲ್ಲಿ ಸಮಪಾಲಿದೆ. ಯುನೆಸ್ಕೊ 2009ರಲ್ಲಿ ಟ್ಯಾಂಗೊವನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅರ್ಜೆಂಟೀನಾ, ಉರುಗ್ವೆ ಎರಡರ ಹೆಸರಿನಲ್ಲಿಯೂ ಸೇರಿಸಿತು.

ಪ್ರಶ್ನೆ: ಬೀದಿಯ ನರ್ತಕರೊಂದಿಗೆ ಫೋಟೊ ತೆಗೆಸಿಕೊಂಡರೆ ಹಣ ಕೊಡಬೇಕೆ?
— ಓದುಗರು, ಮೈಸೂರು

ಉತ್ತರ: ಕೊಡಲೇಬೇಕು, ಮೊತ್ತವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ದೂರ ನಿಂತು ನೃತ್ಯ ನೋಡಿದರೂ ಟೋಪಿ ಹಿಡಿದು ಬಂದಾಗ ಕೈಲಾದಷ್ಟು ಹಾಕಿ. ಅದು ಅವರ ದಿನದ ಕೂಲಿ, ಭಿಕ್ಷೆಯಲ್ಲ.

ಪ್ರಶ್ನೆ: ಸ್ಥಳೀಯರು ತಮಗಾಗಿ ಕುಣಿಯುವ ಜಾಗಗಳಿಗೆ ಕುಣಿಯಲು ಬಾರದ ನಮ್ಮಂಥವರು ಹೋಗಬಹುದೆ?
— ಓದುಗರು, ಮಂಗಳೂರು

ಉತ್ತರ: ಅವಶ್ಯ ಹೋಗಬಹುದು. ಅಂಥ ಕೂಟಕ್ಕೆ ಮಿಲೋಂಗಾ ಎನ್ನುತ್ತಾರೆ. ಪ್ರವೇಶಶುಲ್ಕ ಕೊಟ್ಟು, ಏನಾದರೂ ಕುಡಿಯಲು ತರಿಸಿಕೊಂಡು ಬದಿಯ ಮೇಜಿನಲ್ಲಿ ಕುಳಿತು ನೋಡುವುದು ಅಲ್ಲಿ ರೂಢಿಯಲ್ಲಿದೆ. ಹೆಚ್ಚಿನವು ತಡರಾತ್ರಿ ಕಳೆಗಟ್ಟುವುದರಿಂದ, ಬೇಗ ಮಲಗುವವರಿಗೆ ನಾನು ಎರಡು ಬಯಲು ಕೂಟಗಳನ್ನು ಸೂಚಿಸುತ್ತೇನೆ. ಒಂದು ಬೆಲ್‌ಗ್ರಾನೊ ಪ್ರದೇಶದ ಉದ್ಯಾನದಲ್ಲಿರುವ ಲಾ ಗ್ಲೋರಿಯೆತಾ ಎಂಬ ಮಂಟಪ. ಇನ್ನೊಂದು ಸಾನ್ ತೆಲ್ಮೊದ ದೊರ್ರೇಗೊ ಚೌಕ. ಅಲ್ಲಿ ಭಾನುವಾರದ ಹಳೆಯ ವಸ್ತುಗಳ ಸಂತೆ ಮುಗಿಯುವ ಹೊತ್ತಿಗೆ ಜನ ಸೇರಿ ಕುಣಿಯುತ್ತಾರೆ.

ಮಿಲೋಂಗಾದ ನಿಯಮಗಳು ತಿಳಿದಿದ್ದರೆ ನೋಟ ಹಿತವಾಗುತ್ತದೆ. ನೃತ್ಯಕ್ಕೆ ಕರೆಯುವುದು ಬಾಯಿಮಾತಿನಿಂದಲ್ಲ, ದೂರದಿಂದಲೇ ಕಣ್ಣು ಕೂಡಿಸಿ ತಲೆಯಾಡಿಸುವುದರಿಂದ. ಆದ್ದರಿಂದ ಒಲ್ಲೆ ಎಂದವರಿಗೂ ಒಲ್ಲೆ ಎನ್ನಿಸಿಕೊಂಡವರಿಗೂ ಮುಜುಗರವಿಲ್ಲ. ಮೂರು ಅಥವಾ ನಾಲ್ಕು ಹಾಡುಗಳ ಒಂದು ಕಂತು ಮುಗಿಯುವವರೆಗೆ ಜೋಡಿ ಬದಲಾಗುವುದಿಲ್ಲ, ಕಂತುಗಳ ನಡುವೆ ಬೇರೆ ಜಾತಿಯ ಸಂಗೀತದ ತುಣುಕೊಂದು ಬಂದಾಗ ಎಲ್ಲರೂ ಕುರ್ಚಿಗೆ ಮರಳುತ್ತಾರೆ. ಇಡೀ ಗುಂಪು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ. ಕುಣಿಯುವವರ ದಾರಿಗೆ ಅಡ್ಡ ನಡೆಯಬೇಡಿ, ಕೇಳದೆ ಯಾರ ಮುಖವನ್ನೂ ಸೆರೆಹಿಡಿಯಬೇಡಿ. ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಕುಳಿತರೆ ಸಾಮಾನ್ಯವಾಗಿ ಯಾರೂ ಕರೆಯುವುದಿಲ್ಲ; ಕಲಿತು ಕುಣಿಯುವ ಇಚ್ಛೆಯಿದ್ದರೆ ಬೇರೆ ಬೇರೆ ಕುಳಿತುಕೊಳ್ಳಬೇಕು. ಅದೇ ನಗರದ ಪಲೆರ್ಮೊ ಬಡಾವಣೆಯ ಲಾ ವಿರೂತಾದಂಥ ಕಡೆಗಳಲ್ಲಿ ಕೂಟಕ್ಕೆ ಮೊದಲು ಹೊಸಬರಿಗೆ ಪಾಠವನ್ನೂ ಮಾಡುತ್ತಾರೆ.