10 ಗಿಗಾಬಿಟ್ ಲಿಂಕ್ ಬಿಟ್ಟು 1 ಗಿಗಾಬಿಟ್ ಲಿಂಕ್‌ನಲ್ಲಿ ಟ್ರಾಫಿಕ್: ಪ್ರತಿಕ್ರಿಯೆ

ಹೊಸ 10 ಗಿಗಾಬಿಟ್ ಲಿಂಕ್ ಹಾಕಿದ ಮೇಲೂ ಒಎಸ್‌ಪಿಎಫ್ (ರೂಟರ್‌ಗಳು ದಾರಿ ಆರಿಸಲು ಬಳಸುವ ಪ್ರೋಟೋಕಾಲ್) ಹಳೆಯ 1 ಗಿಗಾಬಿಟ್ ಲಿಂಕನ್ನು ಏಕೆ ಬಳಸುತ್ತಿದೆ ಎಂದು ನೀವು ಕೇಳಿದ್ದೀರಿ. ಇದಕ್ಕೆ ರೆಫರೆನ್ಸ್ ಬ್ಯಾಂಡ್‌ವಿಡ್ತ್, ಅಂದರೆ ಲಿಂಕ್‌ಗಳ ವೇಗವನ್ನು ಹೋಲಿಸಲು ಇಟ್ಟುಕೊಂಡ ಆಧಾರ ವೇಗ, ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ಸಿಸ್ಕೊ ರೂಟರ್‌ಗಳ ತಂತ್ರಾಂಶವಾದ ಐಒಎಸ್‌ನಲ್ಲಿ ಅದು ಮೊದಲಿನಿಂದಲೇ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದಿರುತ್ತದೆ. ಅದನ್ನು ಲಿಂಕ್‌ನ ವೇಗದಿಂದ ಭಾಗಿಸಿದರೆ ಕಾಸ್ಟ್ ಸಿಗುತ್ತದೆ (ಇದು ಕಡಿಮೆಯಿರುವ ದಾರಿಯನ್ನು ಒಎಸ್‌ಪಿಎಫ್ ಆರಿಸುತ್ತದೆ), ಮತ್ತು ಕಾಸ್ಟ್ 1ಕ್ಕಿಂತ ಕೆಳಗೆ ಇಳಿಯಲಾರದ ಕಾರಣ ನಿಮ್ಮ ಎರಡೂ ಲಿಂಕ್‌ಗಳು ರೂಟರ್‌ನ ಲೆಕ್ಕದಲ್ಲಿ ಸಮಾನವಾಗಿಬಿಡುತ್ತವೆ.

ಮೊದಲು ‘ಶೋ ಐಪಿ ಒಎಸ್‌ಪಿಎಫ್ ಇಂಟರ್‌ಫೇಸ್ ಬ್ರೀಫ್’ ಕಮಾಂಡ್ ಕೊಟ್ಟು ಎರಡರ ಕಾಸ್ಟ್ ಕೂಡ 1 ಎಂದಿದೆಯೇ ನೋಡಿ. ಹಾಗಿದ್ದರೆ ‘ರೂಟರ್ ಒಎಸ್‌ಪಿಎಫ್’ ಅಡಿಯಲ್ಲಿ ‘ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್ 100000’ ಎಂದು ಹಾಕಿ. ಆಗ 10 ಗಿಗಾಬಿಟ್‌ಗೆ 10, 1 ಗಿಗಾಬಿಟ್‌ಗೆ 100 ಬರುತ್ತದೆ. ಇದನ್ನು ಒಎಸ್‌ಪಿಎಫ್ ನಡೆಸುವ ಪ್ರತಿಯೊಂದು ರೂಟರ್‌ನಲ್ಲೂ, ಟ್ರಾಫಿಕ್ ಕಡಿಮೆಯಿರುವ ಹೊತ್ತಿನಲ್ಲಿ, ಒಂದೇ ಸಲಕ್ಕೆ ಮಾಡಿ ಮುಗಿಸಿ. ಅರ್ಧಕ್ಕೆ ಬಿಟ್ಟರೆ ಹೋಗುವ ದಾರಿ ಒಂದು, ಮರಳುವ ದಾರಿ ಇನ್ನೊಂದು ಆಗಿ ಮೊದಲಿಗಿಂತ ಹೆಚ್ಚು ಗೊಂದಲವಾಗುತ್ತದೆ. ಇಂಟರ್‌ಫೇಸ್ ಮೇಲೆ ಯಾರಾದರೂ ಹಿಂದೆ ‘ಐಪಿ ಒಎಸ್‌ಪಿಎಫ್ ಕಾಸ್ಟ್’ ಎಂದು ಕೈಯಾರೆ ಕೊಟ್ಟಿದ್ದರೆ ಅದೇ ಮೇಲುಗೈಯಾಗುವುದರಿಂದ ಅದನ್ನು ತೆಗೆದುಹಾಕಿ.

ಟ್ರಾಫಿಕ್ ಎರಡರಲ್ಲೂ ಹಂಚಿಹೋಗುತ್ತಿದೆಯೇ ಅಥವಾ ಪೂರ್ತಿ 1 ಗಿಗಾಬಿಟ್‌ನಲ್ಲೇ ಹೋಗುತ್ತಿದೆಯೇ ಎಂದು ನೀವು ಬರೆದಿಲ್ಲ. ಪೂರ್ತಿ ಹೋಗುತ್ತಿದ್ದರೆ ‘ಶೋ ಐಪಿ ರೂಟ್’ ಪಟ್ಟಿಯನ್ನೂ ನೋಡಿ: ಒಂದೇ ಏರಿಯಾದೊಳಗಿನ (ಏರಿಯಾ ಎಂದರೆ ಒಎಸ್‌ಪಿಎಫ್ ಜಾಲವನ್ನು ವಿಂಗಡಿಸಿದ ಒಂದು ಭಾಗ) ದಾರಿ, ಕಾಸ್ಟ್ ಎಷ್ಟೇ ದೊಡ್ಡದಿದ್ದರೂ, ಬೇರೆ ಏರಿಯಾದ ಮೂಲಕ ಬರುವ ದಾರಿಯನ್ನು ಹಿಂದಿಕ್ಕುತ್ತದೆ. ಆಗ ಕಾಸ್ಟ್ ತಿದ್ದಿ ಪ್ರಯೋಜನವಿಲ್ಲ, ಹೊಸ ಲಿಂಕನ್ನೇ ಅದೇ ಏರಿಯಾಕ್ಕೆ ಸೇರಿಸಬೇಕಾಗುತ್ತದೆ.