ಬಣ್ಣ ತೆಳು, ಬಾಯೆಲ್ಲ ಒಗರು: ನನ್ನ 2016ರ ಬರೋಲೋ ವೈನ್ ಕೆಟ್ಟಿದೆಯೇ? ಇನ್ನೊಂದು ಬಾಟಲಿಯನ್ನು ಇಡಬಹುದೇ?

ಕೆಟ್ಟಿಲ್ಲ. ಕೆಟ್ಟಿದ್ದರೆ ಒದ್ದೆ ರಟ್ಟಿನ ವಾಸನೆಯೋ ವಿನಿಗರ್ ಘಾಟೋ ಮೂಗಿಗೆ ಬಡಿಯುತ್ತಿತ್ತು, ನೀವು ಅದೆರಡನ್ನೂ ಹೇಳಿಲ್ಲ. ನಿಮಗೆ ದೋಷ ಅನ್ನಿಸಿದ್ದು ಆ ದ್ರಾಕ್ಷಿಯ ಹುಟ್ಟುಗುಣ.

ಬರೋಲೋವನ್ನು ಇಟಲಿಯ ಪಿಯೆಮೊಂಟೆಯ ಲಾಂಗೆ ಗುಡ್ಡಗಳಲ್ಲಿ ನೆಬ್ಬಿಯೋಲೋ ಎಂಬ ಒಂದೇ ತಳಿಯಿಂದ ಮಾಡುತ್ತಾರೆ. ಅದರ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಒಗರು ಕೊಡುವ ಟ್ಯಾನಿನ್ ವಿಪರೀತ. ಅಲ್ಲಿನ ನಿಯಮದಂತೆ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಹಾಗಾಗಿ ಗ್ಲಾಸನ್ನು ಓರೆ ಹಿಡಿದರೆ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬೇಗನೇ ಕಾಣುತ್ತದೆ. ಬಣ್ಣ ನೋಡಿ ಆಯುಸ್ಸು ಅಳೆಯುವುದು ಇದರ ವಿಷಯದಲ್ಲಿ ನಡೆಯುವುದಿಲ್ಲ.

ಒಗರು ಇಳಿದ ಮೇಲೆ ಏನು ಉಳಿಯುತ್ತದೆ, ನಾನು ನೋಡುವುದು ಅದನ್ನು. ಒಂದು ಗುಟುಕು ಬಾಯಲ್ಲಿ ಆಡಿಸಿ, ನುಂಗಿ, ಸುಮ್ಮನಿರಿ. ಮೊದಲು ನೇರಳೆಹಣ್ಣು ತಿಂದ ಹಾಗೆ ಒಸಡು ಬಿಗಿಯುತ್ತದೆ. ಆಮೇಲೆ ಹುಳಿಗೆ ಬಾಯಲ್ಲಿ ನೀರೂರುತ್ತದೆ. ಅದರ ಹಿಂದೆಯೇ ಚೆರ್ರಿ, ಒಣಗಿದ ಗುಲಾಬಿ, ಕೊಂಚ ಡಾಂಬರಿನ ವಾಸನೆ ಮೇಲೇಳಬೇಕು. (ಡಾಂಬರು ಅಂದರೆ ಮುಖ ಸಿಂಡರಿಸಬೇಡಿ, ಬರೋಲೋ ಪ್ರಿಯರು ಹುಡುಕುವುದೇ ಅದನ್ನು.) ಅದು ಅರ್ಧ ನಿಮಿಷ ನಿಂತರೆ ವೈನ್ ಇನ್ನೂ ಬಾಳುತ್ತದೆ. ಒಗರೊಂದೇ ಉಳಿದರೆ ಕಾಯುವುದು ದಂಡ, ಟ್ಯಾನಿನ್ ಮೆತ್ತಗಾಗುವಷ್ಟರಲ್ಲಿ ಹಣ್ಣಿನ ರುಚಿಯೇ ಸತ್ತಿರುತ್ತದೆ.

ತೆರೆದ ಬಾಟಲಿಯಲ್ಲಿ ಉಳಿದಿದ್ದರೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು ನಾಳೆ ಮತ್ತೆ ರುಚಿ ನೋಡಿ. ತೆಗೆದ ತಕ್ಷಣ ಬೇಡ, ತಣ್ಣಗಿದ್ದಷ್ಟೂ ಒಗರು ಜೋರು, 16ರಿಂದ 18 ಡಿಗ್ರಿಗೆ ಬರಲಿ. ಪರಿಮಳ ಇವತ್ತಿಗಿಂತ ಬಿಚ್ಚಿಕೊಂಡಿದ್ದರೆ ಎರಡನೆಯದನ್ನು ಧೈರ್ಯವಾಗಿ ಇಡಿ.

2016 ಆ ಸೀಮೆಗೆ ಬಹಳ ಒಳ್ಳೆಯ ವರ್ಷ. ಲೇಬಲ್ ಮೇಲೆ ಅಲ್ಲಿನ ಊರುಗಳಾದ ಸೆರ್ರಲುಂಗಾ ಅಥವಾ ಮೊನ್‌ಫೋರ್ತೆ ಹೆಸರಿದ್ದರೆ ಸಾಮಾನ್ಯವಾಗಿ ಗಡಸು ಜಾತಿ, 2035ರವರೆಗೂ ಕಾಯಬಹುದು. ಲಾ ಮೋರ್ರಾ ಊರಿನದ್ದಾದರೆ ಬೇಗ ಮೆದುವಾಗುತ್ತದೆ.

ಆದರೆ ಇದೆಲ್ಲ ಬಾಟಲಿ ವರ್ಷಪೂರ್ತಿ 12-14 ಡಿಗ್ರಿಯಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿದ್ದರೆ ಮಾತ್ರ. ನೀವು ಬಳ್ಳಾರಿಯಲ್ಲಿದ್ದೀರಿ ಅಂತೀರಿ, ಅಲ್ಲಿನ ಬೇಸಿಗೆಯಲ್ಲಿ ಅಡುಗೆಮನೆ ಕಪಾಟಿನಲ್ಲಿಟ್ಟರೆ ಬೆಂದೇ ಹೋಗುತ್ತದೆ. ವೈನ್ ಫ್ರಿಜ್ ಇಲ್ಲವಾದರೆ ಮಾರ್ಚ್ ಒಳಗೆ ಕುಡಿದುಬಿಡಿ. ಎರಡು ಗಂಟೆ ಮೊದಲೇ ಅಗಲ ಜಗ್ಗಿಗೆ ಸುರಿದಿಡಿ, ಜೊತೆಗೆ ಕೊಬ್ಬಿರುವ ಮಟನ್ ಮಾಡಿಸಿ, ಖಾರ ಕಡಿಮೆ ಇರಲಿ.