ಫ್ರಿಟ್ಜ್ ಕುರ್ವಾಜಿಯೆ ಕುರಿತ ನಿಮ್ಮ ಲೇಖನದ ಬಗ್ಗೆ

ಪ್ರಿಯರೇ,

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1848ರ ಮಾರ್ಚ್ 1ರಂದು ರಾಜಸತ್ತೆಯನ್ನು ಕೊನೆಗಾಣಿಸಿದ ದಂಡಿನ ಮುಂದಾಳು, ಗಡಿಯಾರದ ಕಸುಬಿನ ಫ್ರಿಟ್ಜ್ ಕುರ್ವಾಜಿಯೆ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ವಸ್ತು ಹೊಸದು, ಭಾಷೆ ಶುದ್ಧವಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನಿಮ್ಮ ಮೊದಲ ವಾಕ್ಯ: “ಗಡಿಯಾರ ಮಾಡುತ್ತಿದ್ದವನು ಇತಿಹಾಸದ ಮುಳ್ಳನ್ನೇ ತಿರುಗಿಸಿದ.” ನಾಲ್ಕನೆಯ ಪ್ಯಾರಾದಲ್ಲಿ “ಜನರ ಸಹನೆಯ ಸ್ಪ್ರಿಂಗ್ ಬಿಗಿದಿತ್ತು.” ಕೊನೆಯಲ್ಲಿ “ರಾಜನ ಗಳಿಗೆ ಬಾರಿಸಿತ್ತು.” ಮೂರೂ ಕಡೆ ಗಡಿಯಾರ ಅಲಂಕಾರವಾಗಿ ಬಂದಿದೆಯೇ ಹೊರತು ಕಸುಬಾಗಿ ಎಲ್ಲಿಯೂ ಬಂದಿಲ್ಲ. ಇದು ನನ್ನನ್ನು ನಿಜಕ್ಕೂ ಕೆರಳಿಸಿತು. ಆತನ ಊರಾದ ಲಾ ಶೋ-ದ-ಫೋಂ ಸುಮಾರು 1000 ಮೀಟರ್ ಎತ್ತರದಲ್ಲಿದೆ; ಬೇಸಾಯ ಕೈಹಿಡಿಯದ ಆ ಜೂರಾ ಬೆಟ್ಟಗಳಲ್ಲಿ ಒಂದು ಮನೆಯಲ್ಲಿ ಹಲ್ಲುಚಕ್ರ, ಇನ್ನೊಂದರಲ್ಲಿ ಡಯಲ್, ಮತ್ತೊಂದರಲ್ಲಿ ಹೊರಕವಚ ತಯಾರಾಗಿ, ಎಷ್ಟೋ ಕೈ ದಾಟಿದ ಮೇಲೆ ಒಂದು ಜೇಬುಗಡಿಯಾರ ಪೂರ್ತಿಯಾಗುತ್ತಿತ್ತು. ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ, ಹೊರದೇಶದ ಮಾರುಕಟ್ಟೆಯನ್ನು ನಂಬಿ ಬದುಕಿದ ಈ ಬೆಟ್ಟದವರಿಗೂ, ಕೆಳಗೆ ಸರೋವರದ ದಂಡೆಯಲ್ಲಿದ್ದ ರಾಜನಿಷ್ಠ ಸಿರಿವಂತ ಮನೆತನಗಳಿಗೂ ನಡುವೆ ಇದ್ದ ದೂರವನ್ನು ಹೇಳದೆ ಕುರ್ವಾಜಿಯೆ ಏಕೆ ದಂಗೆಯೆದ್ದ ಎಂಬುದು ಓದುಗರಿಗೆ ಹೇಗೆ ತಿಳಿದೀತು?

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ನೇಕಾರರ ಮುಷ್ಕರದ ವರದಿಗೆ ಕಳುಹಿಸುವ ಮುನ್ನ ಹಿರಿಯ ಉಪಸಂಪಾದಕರೊಬ್ಬರು ನನ್ನನ್ನು ಒಂದು ಇಡೀ ದಿನ ಮಗ್ಗದ ಪಕ್ಕದಲ್ಲಿ ಕೂರಿಸಿದ್ದರು. ಲಾಳಿ ಓಡುವುದನ್ನು, ಎಳೆ ಕಡಿದಾಗ ನೇಕಾರ ಬಗ್ಗಿ ಗಂಟು ಹಾಕುವುದನ್ನು ನೋಡಿದ ಬಳಿಕವೇ ಕೂಲಿಯ ಲೆಕ್ಕ ಕೇಳಲು ಅವರು ಬಿಟ್ಟರು. ಅವರಿಗೆ ನಾನು ಇಂದಿಗೂ ಋಣಿ.

ಎರಡನೆಯ ತಕರಾರು ಈ ಸಾಲಿನ ಬಗ್ಗೆ: “ವಿದೇಶಿ ರಾಜನ ಕೋಟೆಯನ್ನು ಆತ ಏಕಾಂಗಿಯಾಗಿ, ರಕ್ತದ ಹೊಳೆ ಹರಿಸಿ ಗೆದ್ದ.” ‘ವಿದೇಶಿ’ ಎಂದಷ್ಟೇ ಹೇಳಿದರೆ ಸಾಲದು. ಜರ್ಮನ್ ರಾಜ್ಯವಾದ ಪ್ರಷ್ಯಾದ ರಾಜನ ಸಂಸ್ಥಾನವಾಗಿದ್ದ ನ್ಯೂಶಾಟೆಲ್ ಅದೇ ಕಾಲಕ್ಕೆ ಸ್ವಿಸ್ ಒಕ್ಕೂಟದ ಕ್ಯಾಂಟನ್ನೂ, ಅಂದರೆ ಸದಸ್ಯ ರಾಜ್ಯವೂ, ಆಗಿತ್ತು. ಈ ಇಬ್ಬಂದಿಯೇ ಜಗಳದ ಬೇರು. ‘ಏಕಾಂಗಿಯಾಗಿ’ ಎಂಬುದಂತೂ ಸಲ್ಲದು. 1831ರಲ್ಲಿ ಗಣರಾಜ್ಯವಾದಿ ಬೂರ್ಕ್ಯಾಂ ರಾಜನ ವಿರುದ್ಧ ನಡೆಸಿದ ದಂಗೆ ಸೋತಿತ್ತು. 1848ರಲ್ಲಿ ಪ್ಯಾರಿಸ್ಸಿನ ಕ್ರಾಂತಿ ಫ್ರಾನ್ಸಿನ ರಾಜನನ್ನು ಇಳಿಸಿದ ಸುದ್ದಿ ತಲುಪಿದಾಗ ಮೊದಲು ಎದ್ದದ್ದು ನೆರೆಯ ಊರು ಲ ಲೋಕ್ಲ್, ಫೆಬ್ರವರಿ 29ರಂದು. ಮರುದಿನ ಕುರ್ವಾಜಿಯೆಯ ದಂಡು 1283 ಮೀಟರ್ ಎತ್ತರದ ವ್ಯೂ ದೇಸಾಲ್ಪ್ ಕಣಿವೆದಾರಿಯನ್ನು ಹಿಮದಲ್ಲಿ ದಾಟಿ ನ್ಯೂಶಾಟೆಲ್ ಪಟ್ಟಣಕ್ಕೆ ಇಳಿಯಿತು. ತಾತ್ಕಾಲಿಕ ಸರ್ಕಾರದ ಚುಕ್ಕಾಣಿ ಹಿಡಿದವನು ವಕೀಲ ಪಿಯಾಜೆ. ಇನ್ನು ‘ರಕ್ತದ ಹೊಳೆ’: ಕೋಟೆ ರಕ್ತಪಾತವಿಲ್ಲದೆ ಕೈವಶವಾಯಿತು. ಹಿಮ ತುಳಿದು ಬಂದವರು ಕೊಲ್ಲದೆ ಗೆದ್ದರು ಎನ್ನುವುದಕ್ಕಿಂತ ದೊಡ್ಡ ಸಂಗತಿ ನಿಮ್ಮ ಲೇಖನದಲ್ಲಿ ಮತ್ತೊಂದಿಲ್ಲ. ಅದನ್ನೇ ನೀವು ಅಳಿಸಿದ್ದೀರಿ.

1857ರಲ್ಲಿ ಪ್ರಷ್ಯಾದ ರಾಜ ನ್ಯೂಶಾಟೆಲ್ ಮೇಲಿನ ಹಕ್ಕು ಬಿಟ್ಟುಕೊಟ್ಟ ಪ್ರಸಂಗ ಹಾಗೆಯೇ ಇರಲಿ. ಮೊದಲ ಪುಟವನ್ನು ಪೂರ್ತಿ ಹೊಸದಾಗಿ, ಕೆಲಸದ ಮೇಜಿನಿಂದ ಆರಂಭಿಸಿ ಬರೆಯಿರಿ. ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ